ಅಪ್‌ಡೇಟ್: ಮಗ ಬಾಗಿಲು ತೆಗೆದ

ಮೂರು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ: 19 ವರ್ಷದ ಮಗ ಕಾಲೇಜು ಬಿಟ್ಟು ರೂಮು ಸೇರಿದ್ದಾನೆ, ಮಾತಾಡಿಸಿದರೆ ರೇಗುತ್ತಾನೆ, ಏನು ಮಾಡಲಿ ಅಂತ. ಸುಮಾರು ಜನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ ಅಂದಿರಿ. ಮಾಡಿದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನ ವಿಷಯ ಕೇಳುವ ಮೊದಲು ಫೋನ್ ಎತ್ತಿದ ಹುಡುಗಿ, "ಅಮ್ಮಾ, ನೀವು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?" ಅಂದಳು. ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ.

ಬಾಗಿಲು ಬಡಿಯುವುದು, ಪಕ್ಕದ ಮನೆ ಹುಡುಗನಿಗೆ ಹೋಲಿಸುವುದು ನಿಲ್ಲಿಸಿದೆ. ಅದೇ ಜಾಸ್ತಿ ಕಷ್ಟ ಆಗಿದ್ದು. ದಿನಾ ಒಂದೇ ಮಾತು: "ಊಟ ಇಟ್ಟಿದ್ದೀನಿ ಕಣೋ." ಐದನೇ ವಾರ ಒಂದು ಬೆಳಿಗ್ಗೆ ನೋಡಿದರೆ, ತಟ್ಟೆ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿದ್ದ. ಆ ತಟ್ಟೆಯನ್ನು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ.

ಆಮೇಲೊಂದು ರಾತ್ರಿ ಅವನೇ ಬಂದು, "ಅಮ್ಮಾ, ನಿದ್ದೆನೇ ಬರ್ತಿಲ್ಲ" ಅಂದ. ಮರುದಿನವೇ ಡಾಕ್ಟರ ಹತ್ತಿರ ಹೋದೆವು. ಖಿನ್ನತೆ ಅಂದರು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ನಾವಾಗಿಯೇ ನಿಲ್ಲಿಸಬಾರದು. ಸೋಮಾರಿ ಅಂತ ಎಷ್ಟು ಬೈದಿದ್ದೆ ಅವನಿಗೆ!

ಕಾಲೇಜಿನ ಮಾತು ಇನ್ನೂ ಎತ್ತಿಲ್ಲ. ಅವರಪ್ಪನಿಗೂ ಎತ್ತಬೇಡಿ ಅಂದಿದ್ದೇನೆ. ನಿನ್ನೆ ಸಂಜೆ ಹಾಲು ತರಲು ನನ್ನ ಜೊತೆ ಬಂದ.