ಡೊಮಿನಿಯನ್ಸ್ 5: ಈಮೇಲಲ್ಲಿ ನಡೀತಿರೋ ಆಟನ ಭಾನುವಾರ ಲೈವ್ ಮಾಡಿ, ಸೋಮವಾರ ಮತ್ತೆ ಈಮೇಲ್‌ಗೆ ತರಬಹುದಾ?

ಲಂಕಾ_ಪಡೆ ಕೇಳಿದ್ದು:

ಡೊಮಿನಿಯನ್ಸ್ 5 ಅನ್ನೋ ಫ್ಯಾಂಟಸಿ ಯುದ್ಧದ ಕಂಪ್ಯೂಟರ್ ಗೇಮನ್ನ ಆರು ಜನ ಆಡ್ತಿದೀವಿ, ಅರ್ಲಿ ಏಜ್ (ಆಟದ ಮೊದಲ ಯುಗ). ನಾಲ್ವರು ಬೆಂಗಳೂರು, ಮೈಸೂರು ಕಡೆ, ಒಬ್ಬರು ಡಬ್ಲಿನ್, ಇನ್ನೊಬ್ಬರು ನ್ಯೂಜೆರ್ಸಿ. ಈಗ 14ನೇ ಟರ್ನ್ (ಸುತ್ತು). ಈಮೇಲಲ್ಲಿ ದಿನಕ್ಕೆ ಒಂದು ಟರ್ನ್ ಸಾಗ್ತಿದೆ. ಭಾನುವಾರ ಸಂಜೆ ಆರೂ ಜನ ಮೂರು ಗಂಟೆ ಹೊತ್ತು ಸಿಗ್ತಾರೆ. ಆ ಹೊತ್ತಲ್ಲಿ ಇದೇ ಆಟನ ನೆಟ್‌ವರ್ಕ್ ಸರ್ವರ್ ಮೇಲೆ ಓಡಿಸಿ ಎಂಟು ಹತ್ತು ಟರ್ನ್ ಮುಗಿಸಿ, ಸೋಮವಾರದಿಂದ ಮತ್ತೆ ಈಮೇಲ್‌ಗೆ ಬರಬೇಕು. ಹೊಸ ಆಟ ಶುರು ಮಾಡದೆ ಇದು ಆಗುತ್ತಾ? ಪಾಸ್‌ವರ್ಡ್, ಮಾಡ್ (ಆಟಕ್ಕೆ ಹಾಕಿಕೊಂಡ ಮಾರ್ಪಾಡು), ಮ್ಯಾಪ್ ಇವುಗಳ ಗತಿ ಏನು? ಹೋಸ್ಟ್ ಮಾಡ್ತಿರೋದು, ಅಂದ್ರೆ ಎಲ್ಲರ ಆದೇಶ ಸೇರಿಸಿ ಮುಂದಿನ ಟರ್ನ್ ಹುಟ್ಟಿಸ್ತಿರೋದು, ನನ್ನ ವಿಂಡೋಸ್ ಮೆಷಿನ್.

ಟರ್ನ್_ಕಾವಲುಗಾರ:

ಆಗುತ್ತೆ, ಯಾವ ಕನ್ವರ್ಷನ್ನೂ ಬೇಡ. ಈ ಆಟದಲ್ಲಿ ಈಮೇಲ್‌ಗೂ ನೆಟ್‌ವರ್ಕ್‌ಗೂ ಫೈಲ್‌ಗಳು ಅವೇ, ಸಾಗಿಸೋ ದಾರಿ ಮಾತ್ರ ಬೇರೆ.

ಗೇಮ್ ಟೂಲ್ಸ್ ಮೆನುಗೆ ಹೋಗಿ ಯೂಸರ್ ಡೇಟಾ ಡೈರೆಕ್ಟರಿ ತೆರೆಯಿರಿ. ಅಲ್ಲಿ ಸೇವ್ಡ್‌ಗೇಮ್ಸ್ ಒಳಗೆ ನಿಮ್ಮ ಆಟದ ಹೆಸರಿನ ಫೋಲ್ಡರ್ ಇರುತ್ತೆ. ಅದರಲ್ಲಿ ಮೂರು ಬಗೆಯ ಫೈಲ್ ಕಾಣುತ್ತೆ. ಮೊದಲನೇದು ಫಾದರ್‌ಲ್ಯಾಂಡ್ ಅನ್ನೋ ಪದದಲ್ಲಿನ ಎರಡು 'ಎ' ಬಿಟ್ಟು ಬರೆದ ಹೆಸರಿನದು, ಅದಕ್ಕೆ ಎಕ್ಸ್‌ಟೆನ್ಷನ್ ಇಲ್ಲ. ಇಡೀ ಪ್ರಪಂಚದ ಸ್ಥಿತಿ ಅದರಲ್ಲೇ ಇರೋದು. ಎರಡನೇದು ಒಂದೊಂದು ರಾಷ್ಟ್ರಕ್ಕೆ ಒಂದೊಂದು ಟಿಆರ್‌ಎನ್ ಫೈಲ್, ಹೋಸ್ಟ್ ಆಟಗಾರರಿಗೆ ಕಳಿಸೋದು ಇದನ್ನೇ. ಮೂರನೇದು ಆಟಗಾರರು ವಾಪಸ್ ಕಳಿಸೋ ಆದೇಶಗಳ 2ಎಚ್ ಫೈಲ್. ನೆಟ್‌ವರ್ಕ್ ಸರ್ವರ್ ಕೂಡ ಇದೇ ಫೋಲ್ಡರ್ ಓದಿ, ಇದಕ್ಕೇ ಬರೆಯುತ್ತೆ.

ಬದಲಾವಣೆಗೆ ಸರಿಯಾದ ಹೊತ್ತು ಅಂದ್ರೆ ಹೋಸ್ಟ್ ಆಗಿ ಹೊಸ ಟರ್ನ್ ಹುಟ್ಟಿದ ಮರುಕ್ಷಣ, ಯಾರ 2ಎಚ್ ಫೈಲೂ ಇನ್ನೂ ಬರದೇ ಇರುವಾಗ. ಮೂವರು ಆದೇಶ ಕಳಿಸಿ ಮೂವರು ಕಳಿಸದೇ ಇರೋ ಮಧ್ಯದಲ್ಲಿ ಬದಲಾಯಿಸಬೇಡಿ. ಯಾರ ಆದೇಶ ಫೋಲ್ಡರಲ್ಲಿದೆ, ಯಾರದ್ದು ಇನ್‌ಬಾಕ್ಸಲ್ಲಿದೆ, ಯಾರು ಸರ್ವರಲ್ಲಿ ಮತ್ತೆ ಕೊಡಬೇಕು ಅನ್ನೋ ಲೆಕ್ಕ ಅಲ್ಲೇ ತಪ್ಪೋದು.

ಶನಿವಾರ ರಾತ್ರಿಯ ಟರ್ನ್ ಹೋಸ್ಟ್ ಮಾಡಿ, ಆದರೆ ಟಿಆರ್‌ಎನ್ ಮೇಲ್ ಮಾಡಬೇಡಿ. ಫೋಲ್ಡರ್ ಪೂರ್ತಿ ಇನ್ನೊಂದು ಕಡೆ ಕಾಪಿ ಮಾಡಿ, ಹೆಸರಿಗೆ ಟರ್ನ್ ಸಂಖ್ಯೆ ಸೇರಿಸಿಡಿ. ಭಾನುವಾರ ಆಟದ ಪ್ರೋಗ್ರಾಮನ್ನು ಕಮಾಂಡ್ ಪ್ರಾಂಪ್ಟಿಂದ ಶುರು ಮಾಡಿ. ಟಿಸಿಪಿಸರ್ವರ್ ಒಂದು ಸ್ವಿಚ್ (ಕಮಾಂಡ್ ಜೊತೆ ಬರೆಯೋ ಆಯ್ಕೆ), ಪೋರ್ಟ್ ಇನ್ನೊಂದು, ಎರಡಕ್ಕೂ ಮುಂದೆ ಎರಡೆರಡು ಹೈಫನ್, ಪೋರ್ಟ್ ಆದಮೇಲೆ ಸಂಖ್ಯೆ, ಸಾಲಿನ ಕೊನೆಗೆ ಆಟದ ಹೆಸರು. ಹೆಸರು ಫೋಲ್ಡರ್ ಹೆಸರಿಗೆ ಅಕ್ಷರಶಃ ಹೊಂದಬೇಕು. ಒಂದಕ್ಷರ ತಪ್ಪಿದರೂ ಅದು ನಿಮ್ಮ ಆಟ ಮುಂದುವರಿಸಲ್ಲ, ಬೇರೆ ಆಟ ಶುರು ಮಾಡೋಕೆ ಹೊರಡುತ್ತೆ.

ಪಾಸ್‌ವರ್ಡ್ ಪ್ರಿಟೆಂಡರ್ (ಆಟದಲ್ಲಿ ನೀವು ರೂಪಿಸಿಕೊಂಡ ದೇವರು) ಜೊತೆಗೇ ಬರೋದು, ಹಾಗಾಗಿ ಈಮೇಲಲ್ಲಿ ಕೊಡ್ತಿದ್ದದ್ದೇ ಸರ್ವರಲ್ಲೂ ಕೊಡಬೇಕು. ಮಾಡ್ ಮತ್ತು ಮ್ಯಾಪ್ ಎಲ್ಲರ ಹತ್ರ ಈಗಾಗಲೇ ಇರುತ್ತೆ. ಗಮನಿಸಬೇಕಾದದ್ದು ಆಟದ ವರ್ಷನ್: ಸ್ಟೀಮ್ ಯಾರದೋ ಮೆಷಿನಲ್ಲಿ ಅಪ್‌ಡೇಟ್ ಮಾಡಿ ಇನ್ನೊಬ್ಬರಲ್ಲಿ ಮಾಡಿರಲ್ಲ. ಶನಿವಾರವೇ ಆರೂ ಜನರ ವರ್ಷನ್ ಸಂಖ್ಯೆ ಕೇಳಿ ತಾಳೆ ನೋಡಿ.

ಪೋರ್ಟ್_8000:

ಫೈಲ್ ವಿಷಯ ಮೇಲಿನವರು ಹೇಳಿದ ಹಾಗೇ. ಆದರೆ ಭಾನುವಾರ ಮೊದಲ ಒಂದು ಗಂಟೆ ಹಾಳಾಗೋದು ಸಾಮಾನ್ಯವಾಗಿ ನೆಟ್‌ವರ್ಕಿಂದ.

ಮನೆ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರ್‌ನ ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ರೆ ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. ಅಂದ್ರೆ ಪಬ್ಲಿಕ್ ವಿಳಾಸ ನಿಮ್ಮ ರೂಟರ್‌ದಲ್ಲ, ಇಂಟರ್ನೆಟ್ ಕಂಪನಿಯ ಉಪಕರಣದ್ದು. ರೂಟರಲ್ಲಿ ಎಷ್ಟು ಸರಿಯಾಗಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿಂದ ಬರೋ ಸಂಪರ್ಕನ ನಿಮ್ಮ ಮೆಷಿನ್‌ಗೆ ದಾಟಿಸಿದರೂ) ಡಬ್ಲಿನ್‌ನವರು ನಿಮ್ಮ ಮೆಷಿನ್ ಮುಟ್ಟೋಕೆ ಆಗಲ್ಲ. ನಮ್ಮಲ್ಲಿ ಮನೆ ಕನೆಕ್ಷನ್‌ಗಳಲ್ಲಿ ಇದು ಬಹಳ ಸಾಮಾನ್ಯ. ಸ್ಟಾಟಿಕ್ ಐಪಿ ತಗೊಳ್ಳಿ, ಇಲ್ಲಾ ಬಾಡಿಗೆ ಲಿನಕ್ಸ್ ಸರ್ವರ್ ಮೇಲೆ ಆಟ ಓಡಿಸಿ, ಇಲ್ಲಾ ಆರೂ ಜನ ಝೀರೋಟಿಯರ್ ಥರದ್ದು ಹಾಕಿಕೊಂಡು ಒಂದೇ ವರ್ಚುವಲ್ ನೆಟ್‌ವರ್ಕಲ್ಲಿ ಸೇರಿಕೊಳ್ಳಿ. ವಾರಕ್ಕೆ ಮೂರು ಗಂಟೆಗಾದ್ರೆ ಕೊನೇದೇ ಸಾಕು.

ಸಿಜಿ-ನ್ಯಾಟ್ ಇಲ್ಲದಿದ್ರೆ ರೂಟರಲ್ಲಿ ಒಂದೇ ಒಂದು ಟಿಸಿಪಿ ಪೋರ್ಟ್ ಫಾರ್ವರ್ಡ್ ಮಾಡಿ, ಯುಡಿಪಿ ಬೇಡ. 1024ಕ್ಕಿಂತ ಮೇಲಿನ ಸಂಖ್ಯೆ ಆರಿಸಿ. ವಿಂಡೋಸ್ ಫೈರ್‌ವಾಲ್ ಕೇಳಿದಾಗ ಪ್ರೈವೇಟ್, ಪಬ್ಲಿಕ್ ಎರಡೂ ಟಿಕ್ ಮಾಡಿ. ಆಮೇಲೆ ಹೊರಗಿನ ಒಬ್ಬರು ತಮ್ಮ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಓಡಿಸಿ ನೋಡಲಿ. ಆ ಹೊತ್ತಿಗೆ ಸರ್ವರ್ ಓಡ್ತಿರಬೇಕು. ಕೇಳಿಸಿಕೊಳ್ಳೋ ಪ್ರೋಗ್ರಾಮೇ ಇಲ್ಲದಿದ್ರೆ ತೆರೆದ ಪೋರ್ಟ್ ಕೂಡ ಮುಚ್ಚಿದೆ ಅಂತಲೇ ತೋರಿಸುತ್ತೆ, ಆಮೇಲೆ ರೂಟರ್ ಸೆಟ್ಟಿಂಗ್ ಸುಮ್ನೆ ಕೆದಕ್ತಾ ಕೂರ್ತೀರಿ.

ಲಂಕಾ_ಪಡೆ:

ವ್ಯಾನ್ ಐಪಿ 100.83ರಿಂದ ಶುರುವಾಗ್ತಿದೆ, ಹಾಗಾದ್ರೆ ಝೀರೋಟಿಯರ್. ಟೈಮರ್ ಎಷ್ಟು ಇಡಬೇಕು? ಇನ್ನೊಂದು, ಸಿವಿಲೈಸೇಷನ್ 4 ಗೇಮಲ್ಲಿ ಲೈವ್ ಆಡುವಾಗ ಆಗೋ ಡಬಲ್ ಮೂವ್ (ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ನಡೆಸೋದು) ಜಗಳ ಇಲ್ಲೂ ಬರುತ್ತಾ?

ಕೈಲಾಸ_ಪಕ್ಷ:

ಡಬಲ್ ಮೂವ್ ಬರಲ್ಲ. ಸಿವಿಲೈಸೇಷನ್ 4ರಲ್ಲಿ ಈಮೇಲ್ ಆಟ ಸರದಿ ಪ್ರಕಾರ ನಡೆಯುತ್ತೆ, ಲೈವ್‌ನಲ್ಲಿ ಎಲ್ಲರೂ ಒಟ್ಟಿಗೆ ನಡೆಸ್ತಾರೆ. ಅಲ್ಲಿ ಸೈನ್ಯ ಆ ಕ್ಷಣಕ್ಕೇ ಹೆಜ್ಜೆ ಇಡೋದರಿಂದ, ಒಂದು ಟರ್ನಿನ ಕೊನೆಯಲ್ಲಿ ನಡೆಸಿ, ಮುಂದಿನದು ಶುರುವಾದ ಕೂಡಲೇ ಮತ್ತೆ ನಡೆಸಿ ಎದುರಾಳಿಗೆ ಉಸಿರಾಡೋಕೂ ಬಿಡದೇ ಇರಬಹುದು. ಅದಕ್ಕೇ ಯುದ್ಧ ನಡೀತಿದ್ರೆ ಟೈಮರನ್ನ ಅರ್ಧರ್ಧ ಹಂಚಿಕೊಳ್ಳೋ ನಿಯಮ ಮಾಡಿಕೊಳ್ತಾರೆ. ಡೊಮಿನಿಯನ್ಸಲ್ಲಿ ನೀವು ಕೊಡೋದು ಆದೇಶ ಮಾತ್ರ, ಹೋಸ್ಟ್ ಆಗೋವರೆಗೂ ಒಂದು ತುಕಡಿಯೂ ಕದಲಲ್ಲ. ಮೊದಲು ಕೊಟ್ಟವರಿಗೂ ಕೊನೇ ಸೆಕೆಂಡಲ್ಲಿ ಕೊಟ್ಟವರಿಗೂ ವ್ಯತ್ಯಾಸ ಇಲ್ಲ. ಈ ಆಟ ಎರಡೂ ರೀತಿಗೆ ಇಷ್ಟು ಚೆನ್ನಾಗಿ ಒಗ್ಗೋದು ಇದರಿಂದಲೇ.

ಟೈಮರ್: ಮಿನಿಟ್ಸ್ ಸ್ವಿಚ್ ಕೊಟ್ಟು 15 ಇಡಿ. ಎಲ್ಲರೂ ಬೇಗ ಮುಗಿಸಿದರೆ ಕಾಯದೇ ಹೋಸ್ಟ್ ಆಗುತ್ತೆ. ಯುದ್ಧದ ಮರುಪ್ರದರ್ಶನ ನೋಡೋದೇ ಅರ್ಧ ಸಮಯ ತಿನ್ನುತ್ತೆ, ಅದನ್ನೂ ಲೆಕ್ಕಕ್ಕೆ ತಗೊಂಡ್ರೂ ಮೂರು ಗಂಟೆಗೆ ಹನ್ನೆರಡು ಟರ್ನ್ ಸಾಧ್ಯ. 40ನೇ ಟರ್ನ್ ದಾಟಿದ ಮೇಲೆ ಲೈವ್ ಆಸೆ ಬಿಡಿ, ಮಂತ್ರವಾದಿಗಳಿಗೆ ಒಬ್ಬೊಬ್ಬರಾಗಿ ಆದೇಶ ಬರೆಯೋಕೇ ಗಂಟೆ ಬೇಕು.

ತುಂಬಾ ಮುಖ್ಯವಾದದ್ದು: ಮುಗಿದ ಮೇಲೆ ಸರ್ವರ್ ನಿಲ್ಲಿಸಲೇಬೇಕು. 15 ನಿಮಿಷದ ಟೈಮರ್ ಹಾಗೇ ಬಿಟ್ಟು ಮಲಗಿದ್ರೆ ಎಂಟು ಗಂಟೆಯಲ್ಲಿ 32 ಟರ್ನ್ ಹೋಸ್ಟ್ ಆಗಿರುತ್ತೆ, ಆರೂ ರಾಷ್ಟ್ರ ಆದೇಶ ಇಲ್ಲದೆ ಸ್ಟೇಲ್, ಅಂದ್ರೆ ಟರ್ನ್ ತಪ್ಪಿಸಿಕೊಂಡ ಹಾಗೆ. ಬ್ಯಾಕಪ್ ಇಲ್ಲದಿದ್ರೆ ಆಟ ಅಲ್ಲಿಗೆ ಮುಗೀತು. ಪ್ರೀಎಕ್ಸೆಕ್ ಅನ್ನೋ ಸ್ವಿಚ್ ಇದೆ, ಪ್ರತಿ ಹೋಸ್ಟಿಗೂ ಮುಂಚೆ ನೀವು ಹೇಳಿದ ಕಮಾಂಡ್ ಓಡಿಸುತ್ತೆ. ಫೋಲ್ಡರ್ ಕಾಪಿ ಮಾಡೋ ನಾಲ್ಕು ಸಾಲಿನ ಬ್ಯಾಚ್ ಫೈಲ್ ಬರೆದು ಅದಕ್ಕೆ ಕೊಡಿ.

ಹೊತ್ತು ಗೊತ್ತುಮಾಡುವಾಗ ನಮ್ಮ ಗಡಿಯಾರದಲ್ಲೇ ಹೇಳಿ. ಸಂಜೆ 7:30 ಅಂದ್ರೆ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಮಧ್ಯಾಹ್ನ 3, ನ್ಯೂಜೆರ್ಸಿಯಲ್ಲಿ ಬೆಳಗ್ಗೆ 10. ಚಳಿಗಾಲದಲ್ಲಿ ಇಬ್ಬರಿಗೂ ಒಂದು ಗಂಟೆ ಮುಂಚೆ. ಮಾರ್ಚಲ್ಲಿ ಅಮೆರಿಕದವರು ಎರಡನೇ ಭಾನುವಾರ, ಐರ್ಲೆಂಡಿನವರು ಕೊನೇ ಭಾನುವಾರ ಗಡಿಯಾರ ತಿರುಗಿಸ್ತಾರೆ. ನಡುವಿನ ವಾರಗಳಲ್ಲಿ ಒಬ್ಬರು ಬರೋ ಹೊತ್ತು ತಪ್ಪೋದು ಹೀಗೇ.

ಟರ್ನ್_ಕಾವಲುಗಾರ:

ವಾಪಸ್ ಬರೋ ದಾರಿ ಬಾಕಿ ಇತ್ತು. ಕೊನೇ ಹೋಸ್ಟ್ ಆಗಿ ಹೊಸ ಟರ್ನ್ ಬಂದ ತಕ್ಷಣ ಎಲ್ಲರೂ ಡಿಸ್ಕನೆಕ್ಟ್ ಆಗಲಿ, ನೀವು ಸರ್ವರ್ ಮುಚ್ಚಿ. ಫೋಲ್ಡರಲ್ಲಿ ಹೊಸ ಟಿಆರ್‌ಎನ್‌ಗಳು ಸಿದ್ಧವಾಗಿರುತ್ತೆ, ಅವನ್ನೇ ಮೇಲ್ ಮಾಡಿ. ಆಟಗಾರರ ಮೆಷಿನಲ್ಲಿ ಶನಿವಾರದ ಮುಂಚಿನ ಟಿಆರ್‌ಎನ್ ಮತ್ತು 2ಎಚ್ ಇನ್ನೂ ಕೂತಿರುತ್ತೆ, ಎರಡನ್ನೂ ಅಳಿಸಿ ಹೊಸದು ಹಾಕೋಕೆ ಹೇಳಿ.

ಸೋಮವಾರ ಖಂಡಿತ ಆಗೋ ತಪ್ಪು ಇದು: ಬ್ರೌಸರ್ ಅದೇ ಹೆಸರಿನ ಫೈಲನ್ನ ಎರಡನೇ ಸಲ ಇಳಿಸುವಾಗ ಹೆಸರಿನ ಕೊನೆಗೆ ಕಂಸದಲ್ಲಿ 1 ಸೇರಿಸುತ್ತೆ. ಅರ್ಲಿ, ಅಂಡರ್‌ಸ್ಕೋರ್, ಲಂಕಾ, ಅಷ್ಟೇ ಇರಬೇಕಾದ ಹೆಸರಿಗೆ ಬಾಲ ಬಂದ್ರೆ ಆಟ ಅದನ್ನ ಗುರುತಿಸಲ್ಲ. ನಿಮ್ಮ ಕಡೆ ಬರೋ 2ಎಚ್‌ಗೂ ಇದೇ ಪಾಡು. ಹೋಸ್ಟ್ ಮಾಡೋ ಮುಂಚೆ ವೆರಿಫೈ ಸ್ವಿಚ್ ಕೊಟ್ಟು ಒಂದು ಸಲ ಓಡಿಸಿ. ಬಂದಿರೋ 2ಎಚ್ ಫೈಲ್‌ಗಳನ್ನ ಪರೀಕ್ಷಿಸಿ, ಸಿಎಚ್‌ಕೆ ಅನ್ನೋ ಎಕ್ಸ್‌ಟೆನ್ಷನ್ನಿನ ಫೈಲಲ್ಲಿ ಫಲಿತಾಂಶ ಬರೆದಿಡುತ್ತೆ. ಹಳೇ ಟರ್ನಿನ ಆದೇಶ ಕಳಿಸಿದವರು ಅಲ್ಲೇ ಸಿಕ್ಕಿಬೀಳ್ತಾರೆ, ಸ್ಟೇಲ್ ಆಗೋ ಮುಂಚೆ ಫೋನ್ ಮಾಡಬಹುದು.

ಲಂಕಾ_ಪಡೆ:

ಶನಿವಾರ ರಾತ್ರಿ 15ನೇ ಟರ್ನ್ ಹೋಸ್ಟ್ ಮಾಡಿ ಟಿಆರ್‌ಎನ್ ತಡೆಹಿಡೀತೀನಿ. ಪ್ರೀಎಕ್ಸೆಕ್ ಬ್ಯಾಚ್ ಫೈಲನ್ನ ಇವತ್ತೇ ಒಂದು ಖಾಲಿ ಆಟದ ಮೇಲೆ ಓಡಿಸಿ ನೋಡ್ತೀನಿ. ಮೂವರಿಗೂ ತುಂಬಾ ಥ್ಯಾಂಕ್ಸ್.