‘ಬ್ಲೀಡ್’ ರಿಫ್ ಎಣಿಸೋದು ಹೇಗೆ? ಮೂರೋ, ನಾಲ್ಕೋ?

ಏಳನೇ_ತಂತಿ:
ಎಲ್ಲರಿಗೂ ನಮಸ್ಕಾರ. ಸ್ವೀಡನ್‌ನ ಮೆಟಲ್ ತಂಡ ಮೆಶುಗ್ಗಾದ ‘ಬ್ಲೀಡ್’ (2008) ಹಾಡನ್ನು ಗಿಟಾರ್‌ನಲ್ಲಿ ಕಲಿಯುತ್ತಿದ್ದೇನೆ. ಕಾಲಲ್ಲಿ ನಾಲ್ಕು ತಟ್ಟುತ್ತಾ ಕೇಳಿದರೆ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಪ್ರತಿ ಬಾರ್‌ನಲ್ಲೂ (ತಾಳದ ಒಂದು ಸುತ್ತು) ಬೇರೆ ಜಾಗದಿಂದ ಶುರುವಾದ ಹಾಗಿರುತ್ತದೆ. ರಿಫ್ ಹಿಡಿದು ಎಣಿಸಿದರೆ ಸ್ನೇರ್ (ಕೈಯಲ್ಲಿ ಬಾರಿಸುವ ಚುರುಕು ದನಿಯ ಡ್ರಮ್) ಇನ್ನೆಲ್ಲೋ ಬೀಳುತ್ತದೆ. ನಮ್ಮ ಡ್ರಮ್ಮರ್ ‘ಇದು ನೇರ 4/4’, ಅಂದರೆ ಬಾರ್‌ಗೆ ನಾಲ್ಕು ಬೀಟ್, ಅನ್ನುತ್ತಾನೆ. ಬೇಸ್ ನುಡಿಸುವವನು ಸುತಾರಾಂ ಒಪ್ಪುತ್ತಿಲ್ಲ. ಯಾರು ಸರಿ?

ಘಟದ_ಕಿವಿ:
ನಿಮ್ಮ ಡ್ರಮ್ಮರ್ ಸರಿ. ಮೆಶುಗ್ಗಾದ ಡ್ರಮ್ಮರ್ ಟೋಮಸ್ ಹಾಕೆ ಅವರ ಕೈ ಮಾತ್ರ ಕೇಳಿ. ಸಿಂಬಲ್ ನಾಲ್ಕು ಎಣಿಸುತ್ತದೆ, ಸ್ನೇರ್ ಮೂರನೇ ಬೀಟ್‌ಗೆ ಬೀಳುತ್ತದೆ. ಅಲ್ಲಿ ಏನೂ ಅಲ್ಲಾಡುವುದಿಲ್ಲ. ಆಟವೆಲ್ಲ ಕಾಲಲ್ಲಿದೆ. ಗಿಟಾರ್ ಆ ಕಿಕ್‌ಗೆ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಅಂಟಿಕೊಂಡೇ ಹೋಗುತ್ತದೆ.

ಕಿಕ್‌ನ ತುಂಡು ತೀರಾ ಚಿಕ್ಕದು. ಎರಡು ಬಿರುಸಿನ ಪೆಟ್ಟು, ಆಮೇಲೆ ಅದರ ಅರ್ಧ ವೇಗದಲ್ಲಿ ಎರಡು. ಬಾಯಲ್ಲಿ ‘ತಕಿಟ’ ಅನ್ನಿ, ‘ತ’ ಇರುವ ಜಾಗದಲ್ಲಿ ಎರಡು ಪೆಟ್ಟು ತುರುಕಿ. ಅಷ್ಟೇ. ಈಗ ಲೆಕ್ಕ ನೋಡಿ. ಒಂದು ಬಾರ್‌ಗೆ ನಾಲ್ಕು ಬೀಟ್, ಬೀಟ್‌ಗೆ ನಾಲ್ಕರಂತೆ 16 ಚಿಕ್ಕ ಎಣಿಕೆ; ತಕಿಟದ ಒಂದೊಂದು ಅಕ್ಷರಕ್ಕೆ ಒಂದು. 5 ತಕಿಟಕ್ಕೆ 15 ಖರ್ಚಾಯಿತು, ಒಂದು ಉಳಿಯಿತು ಅಲ್ವಾ? ಆರನೇ ತಕಿಟದ ‘ತ’ ಅಲ್ಲಿ ಕೂರುತ್ತದೆ, ‘ಕಿಟ’ ಮುಂದಿನ ಬಾರ್‌ಗೆ ಜಾರುತ್ತದೆ. ನಿಮ್ಮ ಕಿವಿಗೆ ಜಾಗ ಬದಲಾದ ಹಾಗೆ ಅನ್ನಿಸೋದು ಇದಕ್ಕೇ. ಹೀಗೇ ಬಿಟ್ಟರೆ 16 ತಕಿಟ ಮುಗಿಯುವಾಗ ಸರಿಯಾಗಿ 3 ಬಾರ್ ಮುಗಿದಿರುತ್ತದೆ.

ಆದರೆ ಮೆಟಲ್‌ನವರಿಗೆ 3 ಬಾರ್ ಬೇಡ, 4 ಅಥವಾ 8 ಬೇಕು. 4 ಬಾರ್ ಅಂದರೆ 64. ಅದರಲ್ಲಿ 21 ತಕಿಟ ಹಿಡಿದು ಮತ್ತೆ ಒಂದು ಮಿಗುತ್ತದೆ. ಅಲ್ಲಿ ತುಂಡನ್ನು ಕತ್ತರಿಸಿ ಮೊದಲಿನಿಂದ ಶುರು ಮಾಡಬೇಕು, ಇಲ್ಲವೇ ನಡುವೆ ಬೇರೆ ಅಳತೆಯ ತುಂಡು ಸೇರಿಸಬೇಕು. ರಿಫ್ ಬೆಳೆಯೋದು ಇಲ್ಲೇ ಅಂತ ನನ್ನ ಅಭಿಪ್ರಾಯ. ‘ಬ್ಲೀಡ್’ನಲ್ಲೂ ಒಂದೇ ತುಂಡು ಕಡೆವರೆಗೆ ಓಡುವುದಿಲ್ಲ, ಆದ್ದರಿಂದ ಒಂದೊಂದು ಭಾಗವನ್ನೂ ಬೇರೆಯಾಗಿ ಬರೆದುಕೊಳ್ಳಿ. ಮೃದಂಗದವರು ಮುಕ್ತಾಯ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ಬೀಳುವ ಹಾಗೆ ಮೊದಲೇ ಲೆಕ್ಕ ಹಾಕಿರುತ್ತಾರೆ. ಮೆಟಲ್‌ನಲ್ಲಿ ಎಷ್ಟೋ ಸಲ ಬಾಲವನ್ನೇ ಕತ್ತರಿಸುತ್ತಾರೆ. ಆ ಒರಟುತನ ನನಗೆ ತುಂಬಾ ಇಷ್ಟ.

ಗ್ಯಾಲಪ್_83:
ಮೇಲಿನವರು ಹೇಳಿದ್ದನ್ನು ಐರನ್ ಮೇಡನ್ ಅನ್ನೋ ಮೆಟಲ್ ತಂಡದ ‘ದ ಟ್ರೂಪರ್’ ಹಾಡಿನ ಜೊತೆ ಹೋಲಿಸಿ ನೋಡಿ. ಅಲ್ಲಿನ ಗ್ಯಾಲಪ್ (ಕುದುರೆ ಓಟದಂಥ ಲಯ) ಒಂದು ಉದ್ದ, ಎರಡು ಗಿಡ್ಡ. ಮೂರು ಪೆಟ್ಟೇ, ಆದರೆ ಒಟ್ಟು ಉದ್ದ ಸರಿಯಾಗಿ ಒಂದು ಬೀಟ್. ಹಾಗಾಗಿ ಎಷ್ಟು ಓಡಿದರೂ ಜಾರುವುದಿಲ್ಲ. ಪೆಟ್ಟು ಎಷ್ಟು ಅಂತ ಎಣಿಸಬೇಡಿ, ತುಂಡಿನ ಉದ್ದ ಅಳೆಯಿರಿ.

ಏಳನೇ_ತಂತಿ:
ತುಂಬಾ ಥ್ಯಾಂಕ್ಸ್! ಪೇಪರ್ ಮೇಲೆ ಕೂಡಿಸಿ ನೋಡಿದೆ, ಬೇಸ್‌ನವನೂ ಒಪ್ಪಿದ. ಗಿಟಾರ್ ಹಿಡಿದ ತಕ್ಷಣ ಮಾತ್ರ ಕಾಲು ತಕಿಟದ ಹಿಂದೆ ಹೋಗಿಬಿಡುತ್ತದೆ.

ಘಟದ_ಕಿವಿ:
ಸ್ವಲ್ಪ ದಿನ ಗಿಟಾರ್ ಪಕ್ಕಕ್ಕಿಡಿ. ಮೆಟ್ರೊನೋಮ್ (ಲಯ ತೋರಿಸುವ ಯಂತ್ರ) ನಿಮಿಷಕ್ಕೆ 60 ಬೀಟ್‌ಗೆ ಹಾಕಿ, ಕಾಲಲ್ಲಿ ನಾಲ್ಕು, ಬಾಯಲ್ಲಿ ತಕಿಟ. ಎರಡನೇ ಬಾರ್‌ನ ಒಂದನೇ ಬೀಟ್‌ಗೆ ಬಾಯಲ್ಲಿ ‘ಕಿ’ ಬರಬೇಕು, ಮೂರನೇ ಬಾರ್‌ಗೆ ‘ಟ’. ಅದು ತಪ್ಪದೆ ಬಂದ ಮೇಲೆ ಒಂದೇ ತಂತಿಯಲ್ಲಿ, ಪಾಮ್ ಮ್ಯೂಟ್ ಮಾಡಿ (ಅಂಗೈ ಅಂಚು ತಂತಿಗೆ ತಾಗಿಸಿ ದನಿ ಅಡಗಿಸಿ) ಶುರು ಮಾಡಿ.