ಡಿಸ್ಲೆಕ್ಸಿಯಾ ಇರುವ ಮಗುವಿಗೆ ಮೆದುಳಿನ ಸ್ಕ್ಯಾನ್ ಮಾಡಿಸಬೇಕೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿಯಲ್ಲಿದ್ದಾನೆ. ಕಥೆ ಹೇಳಿದರೆ ಒಂದು ವಿವರವನ್ನೂ ಬಿಡದೆ ಮರುದಿನ ತಿರುಗಿ ಹೇಳುವ ಹುಡುಗ, ಅದೇ ಕಥೆಯನ್ನು ಪುಸ್ತಕದಲ್ಲಿ ಓದು ಎಂದರೆ ಎರಡು ಸಾಲು ದಾಟಲು ಹತ್ತು ನಿಮಿಷ ತೆಗೆದುಕೊಳ್ಳುತ್ತಾನೆ. ಕಳೆದ ತಿಂಗಳು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ಡಿಸ್ಲೆಕ್ಸಿಯಾ (ಓದು ಕಲಿಯುವಲ್ಲಿನ ತೊಂದರೆ) ಎಂದು ವರದಿ ಕೊಟ್ಟರು. ಇಂತಹ ಮಕ್ಕಳ ಮೆದುಳಿನ ರಚನೆಯೇ ಬೇರೆ ಎಂದು ಎಲ್ಲೋ ಓದಿದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ. ಖಾಸಗಿ ಕೇಂದ್ರವೊಂದರವರು ಎಂಆರ್‌ಐ ಮತ್ತು ‘ಬ್ರೈನ್ ಮ್ಯಾಪಿಂಗ್’ ಮಾಡಿಸಿದರೆ ದೋಷ ಎಲ್ಲಿದೆ ಎಂದು ತಿಳಿದು ಅದಕ್ಕೆ ತಕ್ಕ ತರಬೇತಿ ಕೊಡಬಹುದು ಎನ್ನುತ್ತಿದ್ದಾರೆ. ಮಾಡಿಸಬೇಕೇ? ರಚನೆಯೇ ಬೇರೆಯಾಗಿದ್ದರೆ ಪಾಠದಿಂದ ಪ್ರಯೋಜನವಾಗುತ್ತದೆಯೇ? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಎರಡು ಭಾಷೆ ಹೇರಿದ್ದು ನಮ್ಮ ತಪ್ಪೇ?

ಶಿವಮೊಗ್ಗದ ಒಬ್ಬ ತಂದೆ

ನಾವು ಮಾಡಿಸಿದ್ದೇವೆ, ಆದದ್ದನ್ನು ಹಾಗೆಯೇ ಬರೆಯುತ್ತೇನೆ. ಮಗಳಿಗೆ ಆಗ ಎಂಟು ವರ್ಷ. ಅಲುಗಾಡದೆ ಮಲಗಬೇಕೆಂದು ಎಷ್ಟು ಹೇಳಿಕೊಟ್ಟಿದ್ದರೂ ಆ ಯಂತ್ರದ ಗದ್ದಲಕ್ಕೆ ಹೆದರಿ ಎದ್ದು ಕುಳಿತಳು. ಕೊನೆಗೆ ಮಂಪರಿನ ಔಷಧ ಕೊಟ್ಟು ಸ್ಕ್ಯಾನ್ ಮುಗಿಸಿದರು. ಸಂಜೆ ಕೈಗೆ ಬಂದ ವರದಿಯ ಕೊನೆಯ ಸಾಲಿನಲ್ಲಿ, ಮೆದುಳಿನಲ್ಲಿ ಯಾವ ಅಸಹಜತೆಯೂ ಕಂಡುಬಂದಿಲ್ಲ ಎಂದಿತ್ತು. ಅದನ್ನು ಕೇಳಿದ ನನ್ನ ತಾಯಿ, ‘ನೋಡು, ಮಗುವಿಗೆ ಏನೂ ಇಲ್ಲ, ಬರೀ ಸೋಮಾರಿತನ’ ಎಂದುಬಿಟ್ಟರು. ಮಗಳು ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು. ಖರ್ಚಾದ ಹಣಕ್ಕಿಂತ ಆ ಒಂದು ಮಾತಿನಿಂದ ನಮಗಾದ ನಷ್ಟ ದೊಡ್ಡದು. ಮುಂದಿನ ಮೂರು ತಿಂಗಳು ಅವಳು ನಮ್ಮೆದುರು ಪುಸ್ತಕ ಬಿಚ್ಚಲಿಲ್ಲ.

ನಂತರ ಆಕೆಯನ್ನು ನೋಡಿದ ನರರೋಗ ತಜ್ಞರು ವಿಷಯವನ್ನು ಬಿಡಿಸಿ ಹೇಳಿದರು. ಆಸ್ಪತ್ರೆಯ ಎಂಆರ್‌ಐಯಲ್ಲಿ ವೈದ್ಯರು ಹುಡುಕುವುದು ಗಡ್ಡೆ, ರಕ್ತಸ್ರಾವ, ಹಳೆಯ ಪೆಟ್ಟಿನ ಗುರುತು ಇಂತಹವನ್ನು. ಮೂರ್ಛೆ ಬರುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ ಅಥವಾ ಚೆನ್ನಾಗಿ ಬರುತ್ತಿದ್ದ ಓದು ಇದ್ದಕ್ಕಿದ್ದಂತೆ ಕೈಬಿಟ್ಟರೆ ವೈದ್ಯರೇ ಸ್ಕ್ಯಾನ್ ಬರೆದುಕೊಡುತ್ತಾರೆ. ಡಿಸ್ಲೆಕ್ಸಿಯಾ ಅದರಲ್ಲಿ ಕಾಣಿಸದ ಕಾರಣ ಅದೊಂದಕ್ಕಾಗಿ ಸ್ಕ್ಯಾನ್ ಬೇಕಿಲ್ಲ.

ಮೈಸೂರಿನ ಒಬ್ಬ ವಿಶೇಷ ಶಿಕ್ಷಕಿ

ನಾನು 17 ವರ್ಷಗಳಿಂದ ಓದಿನ ತೊಂದರೆಯಿರುವ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಪ್ರಶ್ನೆ ಕೇಳಿದವರು ನಿದ್ದೆಗೆಟ್ಟಿರುವುದು ಸ್ಕ್ಯಾನಿನ ಖರ್ಚಿಗಲ್ಲ, ‘ರಚನೆಯೇ ಬೇರೆ’ ಎಂಬ ಮಾತಿಗೆ ಎಂದು ನನಗೆ ತೋರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮಾತು ಮನುಷ್ಯಕುಲಕ್ಕೆ ಹಳೆಯದು, ಓದು ತೀರ ಹೊಸದು. ಲಿಪಿಗಳು ಹುಟ್ಟಿ ಸುಮಾರು 5,000 ವರ್ಷಗಳಷ್ಟೇ ಆಗಿರುವುದರಿಂದ ಓದಿಗೆಂದೇ ಮೀಸಲಾದ ಜಾಗವನ್ನು ಯಾವ ಮಗುವೂ ಹೊತ್ತು ಹುಟ್ಟುವುದಿಲ್ಲ. ಬೇರೆ ಕೆಲಸಕ್ಕಿದ್ದ ಜಾಗಗಳನ್ನು ಎರವಲು ಪಡೆದು ಪ್ರತಿ ಮಗುವೂ ಓದು ಕಲಿಯಬೇಕು. ಎಡ ಮೆದುಳಿನ ಹಿಂಭಾಗದ ಕೆಳಬದಿಯಲ್ಲಿ, ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವ ಪ್ರದೇಶದ ಒಂದು ತುಣುಕು ಓದು ಕಲಿತಂತೆಲ್ಲ ಅಕ್ಷರಗಳ ಪಾಲಾಗುತ್ತದೆ ಎಂಬುದನ್ನು ಫ್ರಾನ್ಸಿನ ಸ್ಟಾನಿಸ್ಲಾಸ್ ಡಿಹೇನ್ ಮತ್ತು ಅವರ ಸಂಗಡಿಗರು ವಿವರವಾಗಿ ತೋರಿಸಿದ್ದಾರೆ. ಎಡಗಿವಿಯ ಮೇಲೆ, ತುಸು ಹಿಂದಕ್ಕಿರುವ ಇನ್ನೊಂದು ಪ್ರದೇಶ ಅಕ್ಷರವನ್ನು ಧ್ವನಿಗೆ ಜೋಡಿಸುತ್ತದೆ. ಹಣೆಯ ಎಡಬದಿಯ ಮೂರನೆಯದು ಉಚ್ಚಾರಣೆಯನ್ನು ನೋಡಿಕೊಳ್ಳುತ್ತದೆ. ಹಿಂದಿನ ಪ್ರದೇಶಗಳಿಂದ ಮುಂದಿನದಕ್ಕೆ ಬಿಲ್ಲಿನಂತೆ ಬಾಗಿದ ನರತಂತುಗಳ ಕಟ್ಟೊಂದು ಹಾದುಹೋಗುತ್ತದೆ. ಡಿಸ್ಲೆಕ್ಸಿಯಾ ಇರುವ ಮಕ್ಕಳ ಗುಂಪಿನಲ್ಲಿ ಮೊದಲ ಎರಡು ಪ್ರದೇಶಗಳ ಬೂದುದ್ರವ್ಯ (ನರಕೋಶಗಳು ತುಂಬಿರುವ ಭಾಗ) ಸರಾಸರಿ ಸ್ವಲ್ಪ ಕಡಿಮೆ, ಆ ತಂತುಕಟ್ಟಿನ ಬಿಗಿಯೂ ಸರಾಸರಿ ಸ್ವಲ್ಪ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ನೀವು ಓದಿದ್ದು ಬಹುಶಃ ಇದನ್ನೇ.

‘ಸರಾಸರಿ’ ಎಂಬ ಪದವನ್ನು ದಯವಿಟ್ಟು ಬಿಡಬೇಡಿ. ಹತ್ತನೇ ತರಗತಿಯ ಹುಡುಗರ ಸರಾಸರಿ ಎತ್ತರ ಹುಡುಗಿಯರಿಗಿಂತ ಹೆಚ್ಚು. ಆದರೂ ಐದಡಿ ನಾಲ್ಕಂಗುಲ ಎಂಬ ಅಳತೆಯೊಂದನ್ನೇ ಕೊಟ್ಟರೆ ಅದು ಹುಡುಗನದೋ ಹುಡುಗಿಯದೋ ಎಂದು ಯಾರು ತಾನೇ ಹೇಳಬಲ್ಲರು? ಮೆದುಳಿನ ಅಳತೆಗಳೂ ಹಾಗೆಯೇ ಒಂದರ ಮೇಲೊಂದು ಹರಡಿಕೊಂಡಿವೆ. 1985ರಲ್ಲಿ ಬೋಸ್ಟನ್ನಿನ ಆಲ್ಬರ್ಟ್ ಗ್ಯಾಲಬರ್ಡಾ ಅವರ ತಂಡ ಡಿಸ್ಲೆಕ್ಸಿಯಾ ಇದ್ದ ನಾಲ್ವರ ಮೆದುಳನ್ನು ಮರಣಾನಂತರ ಪರೀಕ್ಷಿಸಿ, ಬಹಳ ಜನರಲ್ಲಿ ಎಡಕ್ಕೆ ದೊಡ್ಡದಾಗಿರುವ ಭಾಷಾಪ್ರದೇಶವೊಂದು ಇವರಲ್ಲಿ ಎರಡೂ ಬದಿಗೆ ಸಮವಾಗಿದೆ ಎಂದು ವರದಿ ಮಾಡಿತು. ಕಾರಣ ಸಿಕ್ಕೇಬಿಟ್ಟಿತು ಎಂದು ಆಗ ಅನೇಕರಿಗೆ ಅನ್ನಿಸಿತು. ಆದರೆ ನಾರ್ಮನ್ ಗೆಶ್ವಿಂಡ್ ಮತ್ತು ವಾಲ್ಟರ್ ಲೆವಿಟ್ಸ್ಕಿ 1968ರಲ್ಲೇ 100 ಮೆದುಳುಗಳನ್ನು ಅಳೆದಾಗ ಆ ಪ್ರದೇಶ ಎಡಕ್ಕೆ ದೊಡ್ಡದಾಗಿದ್ದದ್ದು 65ರಲ್ಲಿ ಮಾತ್ರ; ಅಂದರೆ ಆ ಸಮತೆ ಸಾಮಾನ್ಯರಲ್ಲೂ ಅಪರೂಪವಲ್ಲ. ಮುಂದೆ ಎಂಆರ್‌ಐ ಬಂದು ಹೆಚ್ಚು ಜನರನ್ನು ನೋಡಿದಾಗ ಈ ಲಕ್ಷಣ ಕೆಲವು ಅಧ್ಯಯನಗಳಲ್ಲಿ ಕಂಡಿತು, ಕೆಲವುಗಳಲ್ಲಿ ಕಾಣಲಿಲ್ಲ. ಚಿತ್ರ ನೋಡಿ ‘ದೋಷ ಇಲ್ಲಿದೆ’ ಎಂದು ಒಂದು ಮಗುವಿನ ವಿಷಯದಲ್ಲಿ ಬೆರಳಿಟ್ಟು ತೋರಿಸುವವರು ವಿಜ್ಞಾನ ಕೊಡದ ಭರವಸೆಯನ್ನು ಮಾರುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ.

ಇನ್ನು ಪಾಠದ ಮಾತು. ಮೆದುಳು ಹಾಗಿದೆಯೆಂದು ಓದು ಬರುತ್ತಿಲ್ಲವೋ, ಓದು ಕಡಿಮೆಯಾದ್ದರಿಂದ ಮೆದುಳು ಹಾಗಿದೆಯೋ? ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಗ್ವಿನಿವಿಯರ್ ಈಡನ್ ಅವರ ತಂಡ 2014ರಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳನ್ನು ಅವರದೇ ವಯಸ್ಸಿನವರೊಂದಿಗೆ ಹೋಲಿಸಿದ್ದಲ್ಲದೆ, ಅವರಷ್ಟೇ ಓದಬಲ್ಲ ಕಿರಿಯ ಮಕ್ಕಳೊಂದಿಗೂ ಹೋಲಿಸಿತು. ಕಿರಿಯರ ಪಕ್ಕದಲ್ಲಿಟ್ಟು ನೋಡಿದಾಗ ಬೂದುದ್ರವ್ಯದ ವ್ಯತ್ಯಾಸಗಳಲ್ಲಿ ಬಹುಪಾಲು ಉಳಿಯಲೇ ಇಲ್ಲ. ಓದಿನ ಅಭ್ಯಾಸವೇ ಮೆದುಳನ್ನು ಬೆಳೆಸುತ್ತದೆ ಎಂಬುದಕ್ಕೆ ಬೇರೆ ಕಡೆಯಿಂದಲೂ ಪುರಾವೆಯಿದೆ: ಕೊಲಂಬಿಯಾದಲ್ಲಿ ಬಂದೂಕು ಕೆಳಗಿಟ್ಟು ಊರಿಗೆ ಮರಳಿ ದೊಡ್ಡವರಾದ ಮೇಲೆ ಅಕ್ಷರ ಕಲಿತ ಮಾಜಿ ಹೋರಾಟಗಾರರ ಮೆದುಳಿನಲ್ಲಿ, ಅಕ್ಷರ ಕಲಿಯದೆ ಉಳಿದವರಿಗೆ ಹೋಲಿಸಿದರೆ, ಓದಿಗೆ ಸಂಬಂಧಿಸಿದ ಭಾಗಗಳ ಬೂದುದ್ರವ್ಯ ಹೆಚ್ಚಿದ್ದದ್ದು 2009ರಲ್ಲಿ ಪ್ರಕಟವಾಯಿತು. ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಿಮೋತಿ ಕೆಲ್ಲರ್ ಮತ್ತು ಮಾರ್ಸೆಲ್ ಜಸ್ಟ್, ಓದಿನಲ್ಲಿ ಹಿಂದುಳಿದ 8ರಿಂದ 10 ವರ್ಷದ ಮಕ್ಕಳಿಗೆ 100 ಗಂಟೆಗಳ ವಿಶೇಷ ಪಾಠ ನಡೆದ ಬಳಿಕ ಎಡ ಮೆದುಳಿನ ಬಿಳಿದ್ರವ್ಯದ (ನರತಂತುಗಳಿರುವ ಭಾಗದ) ಒಂದು ತುಣುಕು ಬಲಗೊಂಡದ್ದನ್ನು ತೋರಿಸಿದರು. ಸಿಯಾಟಲ್‌ನಲ್ಲಿ ಎಂಟು ವಾರಗಳ ತೀವ್ರ ಪಾಠದ ನಡುನಡುವೆಯೇ ಸ್ಕ್ಯಾನ್ ಮಾಡುತ್ತ ಹೋದ ತಂಡವೊಂದು, ಕೆಲವೇ ವಾರಗಳಲ್ಲಿ ನರತಂತುಗಳು ಬದಲಾಗುವುದನ್ನು 2018ರಲ್ಲಿ ವರದಿ ಮಾಡಿತು. ನಿಮ್ಮ ಮಗನಿಗೆ ಒಂಬತ್ತು ವರ್ಷ ಎಂದಿರಿ. ಆ ಮಕ್ಕಳ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಡಿಸ್ಲೆಕ್ಸಿಯಾ ಪೂರ್ತಿ ಮಾಯವಾಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಓದಿನ ವೇಗ ಬಹಳ ಮಕ್ಕಳಲ್ಲಿ ನಿಧಾನವಾಗಿಯೇ ಉಳಿಯುತ್ತದೆ. ಆದರೆ ‘ರಚನೆ’ ಎಂದರೆ ಕಲ್ಲಿನ ಕಟ್ಟಡವಲ್ಲ, ಅದು ಪಾಠಕ್ಕೆ ಓಗೊಡುವ ಜೀವಂತ ವಸ್ತು.

ಸ್ಕ್ಯಾನ್ ಪರವಾಗಿಯೂ ಒಂದು ಮಾತು ಹೇಳಬೇಕು. ಫುಮಿಕೊ ಹೋಫ್ಟ್ ಅವರ ತಂಡ 2011ರಲ್ಲಿ, ಡಿಸ್ಲೆಕ್ಸಿಯಾ ಇರುವ 25 ಮಕ್ಕಳಲ್ಲಿ ಎರಡೂವರೆ ವರ್ಷಗಳ ನಂತರ ಯಾರ ಓದು ಸುಧಾರಿಸುತ್ತದೆ ಎಂಬುದನ್ನು ಲಿಖಿತ ಪರೀಕ್ಷೆಗಳಿಗಿಂತ ಮೆದುಳಿನ ಚಿತ್ರಗಳು ಚೆನ್ನಾಗಿ ಸೂಚಿಸಿದವು ಎಂದು ತೋರಿಸಿತ್ತು. ಮಹತ್ವದ ಕೆಲಸವೇ ಹೌದು. ಆದರೂ ಅದು ಸಂಶೋಧನೆಯ ಮನೆಯೊಳಗಿನ ಸಂಗತಿಯಾಗಿಯೇ ಉಳಿದಿದೆ. ನಿಮ್ಮೂರಿನ ಕೇಂದ್ರದವರು ಅದರ ಆಧಾರದ ಮೇಲೆ ಪಾಠ ಹೆಣೆಯಲು ಆಗುವುದಿಲ್ಲ.

ಎರಡು ಭಾಷೆಯ ಬಗ್ಗೆ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಎರಡು ಭಾಷೆ ಡಿಸ್ಲೆಕ್ಸಿಯಾವನ್ನು ಹುಟ್ಟಿಸುವುದಿಲ್ಲ. ಒಂದು ಲಿಪಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಕಾಣುವಂತೆ ಮಾಡಬಹುದು. 2001ರಲ್ಲಿ ಇಟಲಿ, ಫ್ರಾನ್ಸ್, ಇಂಗ್ಲೆಂಡುಗಳ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿದಾಗ, ಬರೆದಂತೆ ಓದುವ ಭಾಷೆಯಾದ ಇಟಾಲಿಯನ್ನಿನವರು ಹೆಚ್ಚು ಸರಿಯಾಗಿ ಓದಿದರು, ಆದರೆ ಮೂರೂ ಕಡೆಯವರ ಎಡ ಮೆದುಳಿನಲ್ಲಿ ಚಟುವಟಿಕೆ ಕಡಿಮೆಯಾಗಿದ್ದ ಭಾಗ ಒಂದೇ ಆಗಿತ್ತು. ಕನ್ನಡವೂ ಬರೆದಂತೆ ಓದುವ ಭಾಷೆಯೇ, ಆದರೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಚಿಹ್ನೆಗಳು ನೂರಾರು. ಅವು ಕೈವಶವಾಗಲು ಸಾಮಾನ್ಯ ಮಕ್ಕಳಿಗೂ ಮೂರ್ನಾಲ್ಕು ವರ್ಷ ಹಿಡಿಯುತ್ತದೆ ಎಂಬುದು ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬರುತ್ತದೆ. ಹೀಗಾಗಿ ಕನ್ನಡದಲ್ಲಿ ತೊಂದರೆ ತಡವಾಗಿ ಕಣ್ಣಿಗೆ ಬೀಳುತ್ತದೆ. ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬ ‘ಸೂರ್ಯ’ ಎಂಬುದನ್ನು ಪ್ರತಿ ಸಲವೂ ‘ಸೂಯರ’ ಎಂದು ಓದುತ್ತಿದ್ದ. ಅರ್ಕಾವತ್ತು ಕಣ್ಣಿಗೆ ಕಾಣುವುದು ‘ಯ’ದ ನಂತರ, ಬಾಯಲ್ಲಿ ಬರಬೇಕಾದದ್ದು ಅದಕ್ಕಿಂತ ಮೊದಲು, ಅವನು ಕಂಡದ್ದನ್ನು ಕಂಡ ಕ್ರಮದಲ್ಲಿ ಪ್ರಾಮಾಣಿಕವಾಗಿ ಓದುತ್ತಿದ್ದ. ‘ಗಮನವಿಟ್ಟು ಓದು’ ಎಂದು ಗದರಿಸುತ್ತಿದ್ದ ಮನೆಯವರಿಗೆ ಇದನ್ನು ತೋರಿಸಿದ ದಿನ ಅವನ ತಂದೆಯ ಕಣ್ಣು ಒದ್ದೆಯಾಯಿತು.

ಹುಬ್ಬಳ್ಳಿಯ ಒಬ್ಬ ಎಂಜಿನಿಯರ್

ನನಗೇ ಡಿಸ್ಲೆಕ್ಸಿಯಾ ಇದೆ. ಈಗ 41 ವರ್ಷ. ಮಗಳಿಗೆ ಪರೀಕ್ಷೆ ಮಾಡಿಸಿದಾಗಲೇ ನನ್ನದೂ ತಿಳಿದದ್ದು. ನಮ್ಮ ತಂದೆಯವರೂ ದಿನಪತ್ರಿಕೆಯನ್ನು ತಲೆಬರಹ ದಾಟಿ ಓದಿದ್ದನ್ನು ನಾನು ನೋಡಿಲ್ಲ. 2022ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ಮಾಹಿತಿ ನೋಡಿದ ಅಧ್ಯಯನವೊಂದು ಡಿಸ್ಲೆಕ್ಸಿಯಾದೊಂದಿಗೆ ನಂಟಿರುವ 42 ವಂಶವಾಹಿ ತಾಣಗಳನ್ನು ಗುರುತಿಸಿತು, ಒಂದೊಂದರ ಪಾಲೂ ತೀರ ಚಿಕ್ಕದು. ಯಾರ ತಪ್ಪು ಎಂದು ಹುಡುಕುತ್ತಿರುವ, ಪ್ರಶ್ನೆ ಕೇಳಿದವರಿಗೆ ಇದನ್ನು ತಿಳಿಸಬೇಕೆನಿಸಿತು. ಮಗನಿಗೆ ವಿಷಯವನ್ನು ಬಚ್ಚಿಡದೆ ಹೇಳಿ. ದಡ್ಡನೆಂದು ನಂಬಿಕೊಂಡೇ 35 ವರ್ಷ ಕಳೆದವನ ಬಿನ್ನಹ ಇದು.

ಬೋಸ್ಟನ್ ಸಮೀಪ ನೆಲೆಸಿರುವ ಒಬ್ಬ ತಾಯಿ

ನಮ್ಮ ಚಿಕ್ಕ ಮಗ ಓದು ಕಲಿಯುವ ಮೊದಲೇ, ಅಣ್ಣನಿಗೆ ಡಿಸ್ಲೆಕ್ಸಿಯಾ ಇದೆಯೆಂಬ ಕಾರಣಕ್ಕೆ, ವಿಶ್ವವಿದ್ಯಾಲಯವೊಂದರ ಸಂಶೋಧನೆಯಲ್ಲಿ ಪಾಲ್ಗೊಂಡಿದ್ದ. ಇಲ್ಲಿನ ನಾಡೀನ್ ಗಾಬ್ ಮತ್ತು ನೋರಾ ರಾಷ್ಲೆ ಮುಂತಾದವರು, ಮನೆತನದಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳಲ್ಲಿ ಅಕ್ಷರ ಕಲಿಯುವ ಮುಂಚೆಯೇ ಮೆದುಳಿನ ಕೆಲವು ಭಾಗಗಳಲ್ಲಿ ಗುಂಪಿನ ಮಟ್ಟದ ವ್ಯತ್ಯಾಸವಿರುತ್ತದೆ ಎಂದು 2011ರಲ್ಲಿ ತೋರಿಸಿದ್ದರು. ಆದ್ದರಿಂದ ಶಿಕ್ಷಕಿಯವರು ಹೇಳಿದ್ದಕ್ಕೆ ಒಂದು ಸೇರಿಕೆ: ಎಲ್ಲ ವ್ಯತ್ಯಾಸವೂ ಓದದೇ ಇದ್ದುದರ ಫಲವಲ್ಲ, ಕೆಲವು ಮೊದಲಿನಿಂದಲೂ ಇರುತ್ತವೆ. ಸ್ಕ್ಯಾನಿಗೆ ಮೊದಲು ಮಗುವಿಗೆ ಅಣಕು ಯಂತ್ರದೊಳಗೆ ಪ್ರತಿಮೆಯಂತೆ ಮಲಗುವ ಆಟ ಕಲಿಸಿದರು. ಔಷಧವಿಲ್ಲದೆ ಕೆಲಸ ಮುಗಿಯಿತು. ಒಪ್ಪಿಗೆ ಪತ್ರದಲ್ಲೇ ಅವರು ಬರೆದಿದ್ದರು: ಈ ಚಿತ್ರದಿಂದ ನಿಮ್ಮ ಮಗುವಿನ ಬಗ್ಗೆ ನಾವು ಯಾವ ನಿರ್ಣಯವನ್ನೂ ಕೊಡುವುದಿಲ್ಲ. ಜೀವಮಾನವೆಲ್ಲ ಇದನ್ನೇ ಅಧ್ಯಯನ ಮಾಡುವವರು ಹಾಗೆನ್ನುವಾಗ, ಒಂದು ಗಂಟೆಯಲ್ಲಿ ನಿರ್ಣಯ ಕೊಡುತ್ತೇವೆ ಎನ್ನುವವರನ್ನು ಹೇಗೆ ನಂಬುವುದು?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಸ್ಕ್ಯಾನ್ ಬೇಡವೆಂದು ಕೇಂದ್ರಕ್ಕೆ ತಿಳಿಸಿದೆ. ಶಾಲೆಯ ಪರೀಕ್ಷೆಗಳಲ್ಲಿ ರಿಯಾಯಿತಿ ಪಡೆಯುವ ಪ್ರಮಾಣಪತ್ರಕ್ಕಾದರೂ ಅದು ಬೇಕಾಗುತ್ತದೆಯೇ? ಮನೆಯಲ್ಲಿ ನಾನು ಎಲ್ಲಿಂದ ಶುರುಮಾಡಲಿ?

ಮೈಸೂರಿನ ವಿಶೇಷ ಶಿಕ್ಷಕಿ

ಬೇಕಾಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾವನ್ನು ಒಳಗೊಂಡ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಸೇರಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಕೇಳಿದ್ದು ಬುದ್ಧಿಮತ್ತೆಯ ಪರೀಕ್ಷೆಯನ್ನೂ ನಿಮ್ಹಾನ್ಸ್ ರೂಪಿಸಿದ ಕಲಿಕಾ ಪರೀಕ್ಷೆಗಳನ್ನೂ. ಪ್ರಮಾಣಪತ್ರವಿದ್ದರೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಮುಂತಾದ ಅನುಕೂಲ ಕೇಳಬಹುದು. ಮಗನನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದ್ದರೆ ಕನ್ನಡದಲ್ಲೂ ಪರೀಕ್ಷಿಸಲು ಕೇಳಿ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷಾಮಾಲೆ ಕನ್ನಡದಲ್ಲೂ ಇದೆ. ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ವಿಚಾರಿಸಬಹುದು.

ಮನೆಯಲ್ಲಿ ಮೊದಲ ವಾರ ಪುಸ್ತಕ ಬೇಡ. ಒಂದು ಹಿಡಿ ಹುಣಸೆಬೀಜ ತೆಗೆದುಕೊಳ್ಳಿ. ನೀವು ‘ಕಮಲ’ ಎನ್ನಿ, ಅವನು ಅಕ್ಷರಕ್ಕೊಂದರಂತೆ ಮೂರು ಬೀಜ ಇಡಲಿ; ಮೊದಲ ಬೀಜ ತೆಗೆದು, ಉಳಿದದ್ದೇನು ಎಂದು ಕೇಳಿ. ಅದು ಸಲೀಸಾದ ಮೇಲೆ ‘ಕಿ’ ಒಂದಕ್ಕೇ ಎರಡು ಬೀಜ ಇಡಿಸಿ: ಒಂದು ‘ಕ್’, ಇನ್ನೊಂದು ‘ಇ’. ಎರಡನೆಯ ಬೀಜ ಬದಲಿಸಿದಾಗ ‘ಕಿ’ ಹೋಗಿ ‘ಕು’ ಆಗುವುದನ್ನು ಅವನ ಕಿವಿಯೇ ಹಿಡಿಯಬೇಕು. ನಮ್ಮ ಮಕ್ಕಳು ಬಹಳ ಹೊತ್ತು ನಿಲ್ಲುವುದು ಇದೇ ಮೆಟ್ಟಿಲ ಮೇಲೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಒಂದು ದಿನವೂ ತಪ್ಪಿಸಬೇಡಿ. ರಾತ್ರಿ ಕಥೆಯನ್ನು ನೀವೇ ಓದಿ ಹೇಳುವುದನ್ನು ಮಾತ್ರ ನಿಲ್ಲಿಸಬೇಡಿ. ಮರುದಿನ ಅದನ್ನು ಅವನು ನಿಮಗೆ ತಿರುಗಿ ಹೇಳಲಿ.